ತೊಂಬತ್ತೈದು ಪಂಪ್‌ಸೆಟ್ಟಿನ ಕಾರು

‘ಗ್ರ್ಯಾಂಡ್ ಟೂರರ್’ ಎಂದರೆ ಏನೆಂದು ನಮ್ಮ ಮಡಕಶಿರಾ ಸೀಮೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಟೂರಿಂಗ್ ಟಾಕೀಸಿನ ಕಾಲದ ಕಥೆ ಹೇಳಿಯಾರು. ಇದು ಇಟಲಿಯವರು ಇಟ್ಟ ಹೆಸರಿನ ಇಂಗ್ಲಿಷ್ ರೂಪ. ದೂರದ ದಾರಿಯನ್ನು ಬೇಗ, ಮೈಕೈ ನೋಯದಂತೆ, ಸಾಮಾನು ಸಮೇತ ಮುಗಿಸಿಕೊಡುವ ಕಾರು ಎಂದು ಅರ್ಥ. ತೆಲುಗಿನಲ್ಲಿ ‘ಬಂಡಿ’ ಅಂದರೆ ಮೋಟಾರ್ ಬೈಕಿಗೂ ಆಗುತ್ತೆ, ಕಾರಿಗೂ ಆಗುತ್ತೆ. ಕನ್ನಡದಲ್ಲಿ ಅದು ಇನ್ನೂ ಎತ್ತಿನ ಹಿಂದೆಯೇ ಉಳಿದಿದೆ. ನನ್ನ ಕೇಳಿದರೆ ಈ ಜಾತಿಯ ಕಾರಿಗೆ ‘ದೂರದಾರಿ ಬಂಡಿ’ ಅಂತ ಕರೆಯಬಹುದು. ಗಡಿಯ ಎರಡೂ ಕಡೆ ತಿಳಿಯುತ್ತದೆ.

ಕಡಲೆಕಾಯಿ ಬೆಳೆಯುವವನು ಕೋಟಿ ರೂಪಾಯಿ ಕಾರಿನ ಬಗ್ಗೆ ಬರೆಯುವುದೇನು ಎಂದು ಓದುಗರು ಕೇಳಬಹುದು. ಕಾರಣ ಇದೆ. ನಮ್ಮ ಅಗಳಿ, ಅಮರಾಪುರ, ಮಡಕಶಿರಾ ಕಡೆಯ ಹುಡುಗರು ಬೆಂಗಳೂರಿಗೆ ಹೋಗಿ ಗ್ರಾನೈಟು, ಬೋರ್‌ವೆಲ್ ಲಾರಿ, ಸಾಫ್ಟ್‌ವೇರು ಅಂತ ಕೈಗೆ ನಾಲ್ಕು ಕಾಸು ಮಾಡಿಕೊಂಡಿದ್ದಾರೆ. ಇನ್ನು ಕೆಲವರ ಕೈಗೆ ರಸ್ತೆ ಪಕ್ಕದ ಜಮೀನು ಮಾರಿದ ದುಡ್ಡು ಬಂದಿದೆ. ಅಂಥವರ ಕಣ್ಣು ಈಗ ಬಿದ್ದಿರುವುದು ಐಷಾರಾಮಿ ಎಲೆಕ್ಟ್ರಿಕ್ ಕಾರಿನ ಮೇಲೆ, ಅದೂ ಸೆಕೆಂಡ್ ಹ್ಯಾಂಡ್ ಮೇಲೆ.

ನನ್ನ ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ ಹೀಗೆ ಒಂದು ಕಾರು ಗೊತ್ತಾಗಿದೆ. ಆಡಿ ಇ-ಟ್ರಾನ್ ಜಿಟಿ, 2022ರ ನೋಂದಣಿ. ಈ ಕಾರು ನಮ್ಮ ದೇಶಕ್ಕೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಆಗ ಷೋರೂಂ ಬೆಲೆ 1 ಕೋಟಿ 80 ಲಕ್ಷದ ಹತ್ತಿರ, ಅದರ ಅಣ್ಣ ಆರ್‌ಎಸ್ ಮಾದರಿಗೆ 2 ಕೋಟಿ 5 ಲಕ್ಷ. ಇವನಿಗೆ ಹೇಳಿರುವುದು 90 ಲಕ್ಷ. ಅದಕ್ಕಾಗಿ ಕೆರೆ ಕೆಳಗಿನ ಎರಡೆಕರೆ ಕೊಟ್ಟುಬಿಡೋಣ ಎಂಬ ಯೋಚನೆ ಅವನದು. ‘ಮಾವ, ನೀನು ಹೂಂ ಅಂದ್ರೆ ಅಮ್ಮ ಸೈನ್ ಹಾಕ್ತಾಳೆ’ ಅಂದ. ಬಂಡಿ ನೋಡದೆ ಹೂಂ ಅನ್ನೋದು ಹೆಂಗೆ? ಮಾಲೀಕರು ದೊಡ್ಡ ಮನಸ್ಸು ಮಾಡಿ ಒಂದು ದಿನಕ್ಕೆ ಬಿಟ್ಟುಕೊಟ್ಟರು. ಬೆಂಗಳೂರಿನಿಂದ ಅನಂತಪುರ, ಅಲ್ಲಿಂದ ಪೆನುಕೊಂಡಕ್ಕೆ ವಾಪಸ್, ಆಮೇಲೆ ಊರು. ಒಟ್ಟು ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು.

ಯಂತ್ರದ ಮಾತು

ಮೊದಲು ಶಕ್ತಿ. ಇದಕ್ಕೆ ಮುಂದೊಂದು ಹಿಂದೊಂದು ಮೋಟಾರು. ಎರಡೂ ಸೇರಿ 476 ಎಚ್.ಪಿ. ನಮ್ಮ ಕೊಳವೆಬಾವಿಗೆ ಇಳಿಸುವ 5 ಎಚ್.ಪಿ. ಮೋಟಾರು ತೊಂಬತ್ತೈದು ಒಟ್ಟಿಗೆ ತಿರುಗಿದಷ್ಟು. ಎರಡೂವರೆ ಸೆಕೆಂಡಿನ ಮಟ್ಟಿಗೆ 530ಕ್ಕೂ ಏರುತ್ತದೆ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 4.1 ಸೆಕೆಂಡು. ಇದನ್ನು ಹೇಳುವುದು ಸುಲಭ, ಕೂತವನಿಗೆ ಗೊತ್ತು. ದೇವನಹಳ್ಳಿ ದಾಟಿದ ಮೇಲೆ ಒಂದೇ ಒಂದು ಸಲ ತುಳಿದ. ಎದೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಾಯಿತು. ‘ಸಾಕು ಕಣೋ’ ಅಂದೆ. ಕಂಪನಿ ಹೇಳುವ ಗರಿಷ್ಠ ವೇಗ 245. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾನೂನು ಬಿಡುವುದು 100. ಮಿಕ್ಕ 145ಕ್ಕೂ ಕೊಳ್ಳುವವನು ದುಡ್ಡು ಕಟ್ಟುತ್ತಾನೆ ಎಂಬುದನ್ನು ಮರೆಯಬಾರದು.

ಬ್ಯಾಟರಿ 93 ಯೂನಿಟ್ಟಿನದು, ಬಳಸಲು ಸಿಗುವುದು ಸುಮಾರು 84. ಅಷ್ಟು ಕರೆಂಟಿನಲ್ಲಿ ನನ್ನ ಪಂಪ್‌ಸೆಟ್ಟು ಇಪ್ಪತ್ತು ಗಂಟೆ ನೀರು ಎತ್ತುತ್ತದೆ. ಬ್ಯಾಟರಿಯ ತೂಕವೇ 630 ಕಿಲೋ, ಇಡೀ ಕಾರಿನ ತೂಕ 2,200 ಕಿಲೋ ಮೀರುತ್ತದೆ. ಇಷ್ಟು ಭಾರ ಕೆಳಗೇ ಕೂತಿರುವುದರಿಂದ ತಿರುವಿನಲ್ಲಿ ಕಾರು ವಾಲುವುದಿಲ್ಲ, ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ. ಹಿಂದೆ ಕೂತವರ ಪಾದಕ್ಕೆ ಜಾಗ ಆಗಲಿ ಎಂದು ಬ್ಯಾಟರಿಯಲ್ಲೇ ಗುಳಿ ಬಿಟ್ಟಿದ್ದಾರೆ. ಆ ಯೋಚನೆಗೆ ಮೆಚ್ಚಬೇಕು.

ನನ್ನನ್ನು ಹಿಡಿದದ್ದು ಮಾತ್ರ ಸದ್ದು. ಎಲೆಕ್ಟ್ರಿಕ್ ಕಾರಿಗೆ ಸದ್ದು ಎಲ್ಲಿಂದ ಬರಬೇಕು? ಸ್ಪೀಕರಿನಿಂದ ಕೊಡುತ್ತಾರೆ. ಆ ಸದ್ದಿಗೆ ಬೀಜ ಹುಡುಕುತ್ತಿದ್ದ ಜರ್ಮನಿಯ ಎಂಜಿನಿಯರು ಮೂರು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪಿನ ಒಂದು ತುದಿಗೆ ಫ್ಯಾನ್ ಇಟ್ಟು ಇನ್ನೊಂದು ತುದಿಯಲ್ಲಿ ಕಿವಿಗೊಟ್ಟರಂತೆ. ಅಲ್ಲಿ ಕೇಳಿದ ಆಳದ ಹೂಂಕಾರವೇ ಮೂಲ. ಪೈಪಿನ ಬಾಯಿಗೆ ಕಿವಿಯಿಟ್ಟು ನೀರು ಬಂತೇ ಎಂದು ಕೇಳುತ್ತಾ ಕೂತ ರಾತ್ರಿಗಳು ನಮ್ಮ ಸೀಮೆಯಲ್ಲಿ ಯಾರಿಗಿಲ್ಲ? ಆ ಸದ್ದನ್ನು ಮಾರಬಹುದು ಅಂತ ಮಾತ್ರ ನಮಗೆ ಹೊಳೆಯಲಿಲ್ಲ.

ಗಾಜು ಏರಿಸಿ, ಆ ಸದ್ದನ್ನೂ ನಿಲ್ಲಿಸಿದರೆ ಒಳಗೆ ದೇವಸ್ಥಾನದ ಮಧ್ಯಾಹ್ನ. ಬೆಂಗಳೂರಿನಿಂದ ಬಾಗೇಪಲ್ಲಿಗೆ ನೂರು ಕಿಲೋಮೀಟರು. ಬಸ್ಸಿನಲ್ಲಿ ಬಂದರೆ ಸೊಂಟ ಹಿಡಿಯುವ ದಾರಿ, ಇದರಲ್ಲಿ ಹಿಡಿಯಲಿಲ್ಲ. ಬಾಗೇಪಲ್ಲಿ ಇರುವುದು ಕರ್ನಾಟಕದಲ್ಲಿ, ಅಂಗಡಿ ಮಾತು ತೆಲುಗು. ನಮ್ಮ ಅಗಳಿ ಇರುವುದು ಆಂಧ್ರದಲ್ಲಿ, ಮನೆ ಮಾತು ಕನ್ನಡ. ಕೊಡಿಕೊಂಡ ಚೆಕ್‌ಪೋಸ್ಟು ಯಾವಾಗ ದಾಟಿದೆವೋ ತಿಳಿಯಲೇ ಇಲ್ಲ. ದೂರದಾರಿ ಬಂಡಿ ಎಂಬ ಹೆಸರನ್ನು ಈ ಕಾರು ಹೆದ್ದಾರಿಯ ಮೇಲೆ ಪೂರ್ತಿ ಉಳಿಸಿಕೊಳ್ಳುತ್ತದೆ. ಇದರಲ್ಲಿ ಎರಡು ಮಾತಿಲ್ಲ.

ಓಟ ಎಷ್ಟು, ಕಾಯುವುದು ಎಷ್ಟು

ಒಂದು ಸಲ ತುಂಬಿಸಿದರೆ ಎಷ್ಟು ದೂರ? ಯುರೋಪಿನ ಲೆಕ್ಕದಲ್ಲಿ ಮಾದರಿಗೆ ತಕ್ಕಂತೆ 390ರಿಂದ 500 ಕಿ.ಮೀ. ಎಂದು ಹೇಳುತ್ತಾ ಬಂದರು. ಅಮೆರಿಕ ಸರ್ಕಾರದ ಪರೀಕ್ಷೆ ಕೊಟ್ಟದ್ದು 238 ಮೈಲಿ, ಅಂದರೆ 383 ಕಿ.ಮೀ. ನಾನು ನಂಬುವುದು ಎರಡನೆಯದನ್ನು. ನಾವು ತುಂಬಿದ ಬ್ಯಾಟರಿಯಲ್ಲಿ ಹೊರಟು, ಎ.ಸಿ. ಹಾಕಿಕೊಂಡು, ನೂರರ ಒಳಗೇ ಓಡಿಸಿ ಅನಂತಪುರ ಮುಟ್ಟಿದಾಗ ಉಳಿದದ್ದು ಶೇ 43. ಲೆಕ್ಕ ಹಾಕಿದರೆ ಅದೇ 380ರ ಹತ್ತಿರ ಬರುತ್ತದೆ.

ಇದರಿಂದ ಒಂದು ಸಮಾಧಾನದ ವಿಷಯ ಹೊರಟಿತು. ಬೆಂಗಳೂರಿನಿಂದ ನಮ್ಮೂರಿಗೆ ಬಂದು, ಒಂದು ರಾತ್ರಿ ಇದ್ದು, ವಾಪಸ್ ಹೋಗಲು ದಾರಿಯಲ್ಲಿ ಚಾರ್ಜೇ ಬೇಡ. ಹಬ್ಬಕ್ಕೆ ಜಾತ್ರೆಗೆ ಬಂದು ಹೋಗುವವನು ಈ ವಿಷಯದಲ್ಲಿ ಹೆದರಬೇಕಾಗಿಲ್ಲ.

ಆದರೆ ಅಳಿಯನ ಕೆಲಸ ಇರುವುದು ಹೈದರಾಬಾದಿನಲ್ಲಿ, ತಿಂಗಳಿಗೆ ಎರಡು ಸಲ. ಬೆಂಗಳೂರಿನಿಂದ 570 ಕಿ.ಮೀ. ಅಲ್ಲಿಗೆ ಮುಟ್ಟಲು 125 ಯೂನಿಟ್ ಬೇಕು, ಬ್ಯಾಟರಿ ಕೊಡುವುದು 84. ಕೈಕಾವಲಿಗೆ ಹತ್ತು ಯೂನಿಟ್ ಇಟ್ಟುಕೊಂಡರೆ ದಾರಿಯಲ್ಲಿ 50 ಯೂನಿಟ್ ತುಂಬಿಸಲೇಬೇಕು. ಕಂಪನಿಯ ಕಾಗದದಲ್ಲಿ ಇದು ಚಹಾ ಕುಡಿಯುವ ಹೊತ್ತು. ಕಾರು 800 ವೋಲ್ಟಿನ ವ್ಯವಸ್ಥೆಯದು, 270 ಕಿಲೋವ್ಯಾಟ್ ವರೆಗೆ ಎಳೆದುಕೊಳ್ಳಬಲ್ಲದು, ಶೇ 5ರಿಂದ 80ಕ್ಕೆ 22 ನಿಮಿಷ ಚಿಲ್ಲರೆ. ಆದರೆ ಅಷ್ಟು ಕೊಡುವ ಯಂತ್ರ ದಾರಿಯಲ್ಲಿ ಇರಬೇಕಲ್ಲ? ನಮ್ಮ ಹೆದ್ದಾರಿಗಳಲ್ಲಿ ಹೆಚ್ಚಾಗಿ ಕಾಣುವುದು 30 ಮತ್ತು 60 ಕಿಲೋವ್ಯಾಟಿನವು. 60ರಲ್ಲಿ ಒಂದು ಗಂಟೆ, 30ರಲ್ಲಿ ಎರಡು ಗಂಟೆ ಸಮೀಪ. ಆರಿಂಚು ನೀರಿನ ಬೋರಿಗೆ ಮುಕ್ಕಾಲಿಂಚಿನ ಪೈಪು ಹಾಕಿದ ಹಾಗೆ.

ನಮ್ಮ ಅನುಭವ ಕೇಳಿ. ನಾವು ನಿಲ್ಲಿಸಿದ ಕಡೆ ಎರಡು ಯಂತ್ರ ಇದ್ದವು. ಒಂದು ಕೆಟ್ಟಿತ್ತು, ಇನ್ನೊಂದಕ್ಕೆ ಟ್ಯಾಕ್ಸಿ ತಗುಲಿಕೊಂಡಿತ್ತು. ನಲವತ್ತು ನಿಮಿಷ ಬೇವಿನ ನೆರಳಲ್ಲಿ ಕಾದೆವು. ಆಮೇಲೆ ಐವತ್ತು ನಿಮಿಷದಲ್ಲಿ ಶೇ 90ರ ವರೆಗೆ ತುಂಬಿತು. ಯೂನಿಟ್ಟಿಗೆ 20 ರೂಪಾಯಿಗೂ ಮೇಲೆ ಬಿತ್ತು. ಆ ಟ್ಯಾಕ್ಸಿ ಡ್ರೈವರಣ್ಣ ನಮ್ಮ ಕಾರಿನ ಸುತ್ತ ಎರಡು ಸುತ್ತು ಹಾಕಿ, ‘ಇಂತ ಪೆದ್ದ ಬಂಡೀಕೀ ಇದೇ ಲೈನಾ?’ ಅಂದು ನಕ್ಕ. ಇಷ್ಟು ದೊಡ್ಡ ಬಂಡಿಗೂ ಇದೇ ಸಾಲಾ ಅಂತ. ಆ ಒಂದು ಮಾತಿನಲ್ಲಿ ಈ ಲೇಖನ ಅರ್ಧ ಮುಗಿಯುತ್ತದೆ.

ಕೊಳ್ಳುವವರು ವಿಚಾರಿಸಬೇಕಾದ ಇನ್ನೊಂದು ಸಂಗತಿ ಇದೆ. 400 ವೋಲ್ಟಿನ ಹಳೆಯ ಚಾರ್ಜರುಗಳಲ್ಲಿ ಈ ಕಾರು ತನ್ನೊಳಗಿನ ಸಾಧನದ ಮೂಲಕ ವೋಲ್ಟೇಜ್ ಏರಿಸಿಕೊಳ್ಳಬೇಕು. ಸಾಮಾನ್ಯವಾಗಿ ಕೊಡುವ ಸಾಧನದ ಮಿತಿ 50 ಕಿಲೋವ್ಯಾಟ್, ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದರೆ 150. ಮೊದಲ ಮಾಲೀಕರು ಯಾವುದನ್ನು ಹಾಕಿಸಿದ್ದಾರೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೈದರಾಬಾದಿನ ಪಯಣಕ್ಕೆ ಹೊರಡುವ ಹಿಂದಿನ ರಾತ್ರಿಯೇ ಕರ್ನೂಲಿನ ಆಸುಪಾಸಿನಲ್ಲಿ ದೊಡ್ಡ ಚಾರ್ಜರ್ ಯಾವುದು ಕೆಲಸ ಮಾಡುತ್ತಿದೆ, ಅದು ಇಲ್ಲದಿದ್ದರೆ ಇನ್ನೊಂದು ಯಾವುದು ಎಂದು ನೋಡಿಟ್ಟುಕೊಳ್ಳದವನು ಈ ಕಾರು ತಗೊಳ್ಳಬಾರದು.

ಊರೊಳಗೆ

ಹೆದ್ದಾರಿ ಬಿಟ್ಟ ಮೇಲೆ ಬೇರೆ ಕಥೆ. ಕಾರಿನ ಉದ್ದ ಐದು ಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆ, ಅಗಲ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಎತ್ತರ 1.41 ಮೀಟರ್, ಅಂದರೆ ಒಳ್ಳೆ ಹಳ್ಳಿಕಾರ್ ಹೋರಿಯ ಬೆನ್ನಿನ ಮಟ್ಟ. ಇಷ್ಟು ಉದ್ದ, ಇಷ್ಟು ತಗ್ಗು ಇರುವ ಕಾರಿಗೆ ನಮ್ಮ ಪಂಚಾಯ್ತಿಯವರು ಹಾಕುವ ಹಂಪು ಒಂದೊಂದೂ ಒಂದು ಬೆಟ್ಟ. ಗಾಳಿಯ ಸಸ್ಪೆನ್ಷನ್ ಇದ್ದರೆ ಗುಂಡಿ ಒತ್ತಿ ಕಾರನ್ನು ಒಂದಿಷ್ಟು ಮೇಲೆತ್ತಬಹುದು. ಅಳಿಯ ಪ್ರತಿ ಹಂಪಿಗೂ ಎತ್ತಿದ, ಓರೆಯಾಗಿ ಹತ್ತಿಸಿದ, ನಾನು ಇಳಿದು ನಿಂತು ದಾರಿ ತೋರಿಸಿದೆ. ಕಡೆಯ ಹನ್ನೆರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಹಾಲಿನ ಗಾಡಿಯ ಹುಡುಗ ಹಾರ್ನ್ ಹೊಡೆದು ಮುಂದೆ ಹೋದ.

ಮನೆ ಮುಂದೆ ಬಂದ ಮೇಲೆ ಅಕ್ಕನನ್ನು ಕೂರಿಸಿ ಒಂದು ಸುತ್ತು ಹಾಕಿಸುವ ಆಸೆ ಅವನಿಗೆ. ಅಕ್ಕನಿಗೆ ಮಂಡಿ ನೋವು. ಕೂತದ್ದು ಹೇಗೋ ಕೂತಳು. ಇಳಿಯುವಾಗ ಇಬ್ಬರು ಕೈ ಹಿಡಿದು ಎತ್ತಬೇಕಾಯಿತು. ‘ಚೆನ್ನಾಗೈತೆ ಕಣಪ್ಪ, ಬಾವಿ ಇದ್ದಂಗೈತೆ’ ಅಂದಳು. ಇದು ಕಾರಿನ ದೋಷ ಅಲ್ಲ. ತಗ್ಗಾಗಿ ಕೂರುವುದೇ ಈ ಜಾತಿಯ ಗುಣ. ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಅವರನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಿದ ಮೇಲೆ ಮುಂಗಡ ಕೊಡಿ. ಡಿಕ್ಕಿ 405 ಲೀಟರು, ಮುಂದೆ ಬಾನೆಟ್ಟಿನ ಕೆಳಗೆ ಇನ್ನೊಂದು 80 ಲೀಟರು. ಸೂಟ್‌ಕೇಸಿಗೆ ಧಾರಾಳ. ಕಡಲೆಕಾಯಿ ಮೂಟೆ ಹಾಕುವ ಯೋಚನೆ ಬೇಡ, ಬಾಯಿ ಚಿಕ್ಕದು.

ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಖಾಲಿ ಬ್ಯಾಟರಿ ತುಂಬಲು ಸುಮಾರು 30 ಗಂಟೆ. ತ್ರೀ ಫೇಸ್ ಇದ್ದು 11 ಕಿಲೋವ್ಯಾಟಿನ ಪೆಟ್ಟಿಗೆ ಕೂರಿಸಿದರೆ ಎಂಟೂವರೆ ಗಂಟೆ. ಹಳ್ಳಿಯ ಮನೆಗಳಿಗೆ ಇರುವುದು ಸಿಂಗಲ್ ಫೇಸ್. ತ್ರೀ ಫೇಸ್ ಇರುವುದು ಹೊಲದಲ್ಲಿ, ಹಗಲು ಒಂಬತ್ತು ಗಂಟೆ, ಪಂಪ್‌ಸೆಟ್ಟಿಗೆ, ಉಚಿತವಾಗಿ. ಅದಕ್ಕೆ ಕಾರು ತಗುಲಿಸಿದರೆ ಅದು ಕಳ್ಳತನ. ಯಾರೂ ಆ ಬುದ್ಧಿ ಮಾಡಬೇಡಿ. ಬೆಂಗಳೂರಿನಲ್ಲಿ ಸ್ವಂತ ಪಾರ್ಕಿಂಗು, ಅಲ್ಲಿ ತ್ರೀ ಫೇಸ್ ಮೀಟರು ಇರುವವರಿಗೆ ರಾತ್ರಿ ಚಾರ್ಜು ಸಲೀಸು. ಬಾಡಿಗೆ ಮನೆಯವರು ಮೊದಲು ಮನೆ ಓನರ್ ಹತ್ತಿರ ಮಾತಾಡಲಿ, ಆಮೇಲೆ ಕಾರಿನವರ ಹತ್ತಿರ.

ಯಾವ ನಂಬರು?

ಗಡಿಯವರಾದ ನಮಗೆ ಈ ಪ್ರಶ್ನೆ ಎಲ್ಲಕ್ಕಿಂತ ತೊಡಕು. ಕರ್ನಾಟಕದಲ್ಲಿ 2016ರಿಂದ ಎಲೆಕ್ಟ್ರಿಕ್ ವಾಹನಕ್ಕೆ ರಸ್ತೆ ತೆರಿಗೆ ಇರಲಿಲ್ಲ. 2024ರಲ್ಲಿ ಕಾಯ್ದೆ ತಿದ್ದಿ, 25 ಲಕ್ಷಕ್ಕೂ ಹೆಚ್ಚು ಬೆಲೆಯವುಗಳಿಗೆ ಶೇ 10ರ ಆಜೀವ ತೆರಿಗೆ ಹಾಕಿದರು. 1 ಕೋಟಿ 80 ಲಕ್ಷದ ಹೊಸ ಕಾರಿಗೆ 18 ಲಕ್ಷ. ತೆಲಂಗಾಣದವರು 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ 31ರ ವರೆಗೆ ಎಲೆಕ್ಟ್ರಿಕ್ ವಾಹನಕ್ಕೆ ತೆರಿಗೆ, ನೋಂದಣಿ ಶುಲ್ಕ ಪೂರ್ತಿ ಬಿಟ್ಟರು. ಆಗ ನಮ್ಮ ಹುಡುಗರ ತಲೆ ಓಡಿದ್ದೇ ಓಡಿದ್ದು. ಹೈದರಾಬಾದಿನಲ್ಲೊಂದು ಬಾಡಿಗೆ ಕರಾರು, ತೆಲಂಗಾಣದ ನಂಬರು, ಓಡಿಸುವುದು ಬೆಂಗಳೂರಿನಲ್ಲಿ.

ಇದು ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಒಂದು ರಾಜ್ಯದಲ್ಲಿ ಉಳಿದರೆ ಅಲ್ಲಿನ ನಂಬರು ಪಡೆಯಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತೆರಿಗೆ ಕಟ್ಟದೆ ಓಡುತ್ತಿದ್ದ ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಹಿಡಿದದ್ದು ಪತ್ರಿಕೆಗಳಲ್ಲೇ ಬಂತು. ನಮ್ಮ ಹಳೆ ಟಿವಿಎಸ್ ಆಂಧ್ರದ ನಂಬರಿನಲ್ಲಿ ಸಿರಾ ಸಂತೆಗೆ ಹೋದರೆ ಯಾರೂ ಕೇಳುವುದಿಲ್ಲ. ಈ ಕಾರು ಕಣ್ಣಿಗೆ ಬೀಳದೆ ಹೋಗುವಂಥದ್ದಲ್ಲ.

ಅಳಿಯ ನೋಡಿರುವ ಕಾರು ಕೆ.ಎ. ನಂಬರಿನದು, ತೆರಿಗೆ ಇಲ್ಲದ ಕಾಲದ ನೋಂದಣಿ. ಅವನ ಬೆಂಗಳೂರು ವಿಳಾಸಕ್ಕೆ ವರ್ಗಾಯಿಸಿಕೊಂಡರೆ 29, 30ನೇ ನಮೂನೆಗಳಲ್ಲಿ ಕೆಲಸ ಮುಗಿಯುತ್ತದೆ. ಅಕ್ಕನ ಹೆಸರಿಗೆ, ಊರಿನ ವಿಳಾಸಕ್ಕೆ ಮಾಡಿಸಬೇಕೆಂದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ತಂದು ಆಂಧ್ರದ ನಂಬರು ಪಡೆಯಬೇಕು, ಇಲ್ಲಿನ ತೆರಿಗೆಯ ಪ್ರಶ್ನೆ ಹೊಸದಾಗಿ ಏಳುತ್ತದೆ. ರಾಜ್ಯಗಳ ರಿಯಾಯಿತಿ ವರ್ಷಕ್ಕೊಂದು ತರ ಬದಲಾಗುತ್ತೆ. ದಲ್ಲಾಳಿ ಹೇಳಿದ್ದನ್ನು ನಂಬದೆ ಆರ್‌ಟಿಒ ಕಚೇರಿಯಲ್ಲೇ ಕೇಳುವುದು ಕ್ಷೇಮ.

ಅರ್ಧ ಬೆಲೆಗೆ ಏಕೆ ಸಿಗುತ್ತಿದೆ?

ಈ ಬೆಲೆಯ ಕಾರು ಪೂರ್ತಿಯಾಗಿ ಹೊರದೇಶದಿಂದ ಬಂದರೆ ಆಮದು ಸುಂಕ ಶೇ 110ರ ತನಕ. ಅಂದರೆ ಹೊಸ ಕಾರಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಬ್ಬಿಣಕ್ಕೂ ಅಲ್ಲ, ಬ್ಯಾಟರಿಗೂ ಅಲ್ಲ. ಎರಡನೆಯವನಿಗೆ ಆ ಭಾರ ಕಳಚಿ ಸಿಗುತ್ತದೆ. ಆ ಮಟ್ಟಿಗೆ ಸೆಕೆಂಡ್ ಹ್ಯಾಂಡ್ ಜಾಣತನವೇ. ಇನ್ನೊಂದು ಕಾರಣ ಬ್ಯಾಟರಿಯ ಭಯ. ಅದಕ್ಕೆ ಖಾತರಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. 2022ರ ಕಾರಿಗೆ 2030ಕ್ಕೆ ಮುಗಿಯಿತು. ಆಮೇಲೆ ಮಾರಲು ಹೋದರೆ ಯಾರು, ಎಷ್ಟಕ್ಕೆ ತಗೊಳ್ಳುತ್ತಾರೆ ಎಂಬುದನ್ನು ಇವತ್ತೇ ಯೋಚಿಸಬೇಕು.

ಇದರ ಅವಳಿ ಪೋರ್ಷೆ ಟೈಕಾನ್. ಎರಡಕ್ಕೂ ಒಂದೇ ಅಡಿಪಾಯ. 2024ರಲ್ಲಿ ಅಮೆರಿಕ ಮೊದಲಾದ ಕಡೆ ಈ ಎರಡು ಕಾರುಗಳನ್ನೂ ಬ್ಯಾಟರಿಯೊಳಗೆ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವಕ್ಕಾಗಿ, ಮುಂದಿನ ಬ್ರೇಕಿನ ಹೋಸ್ ಬಿರುಕು ಬಿಡಬಹುದೆಂದು ತಪಾಸಣೆಗೆ ಹಿಂದಕ್ಕೆ ಕರೆದರು. ಚಾಸಿ ನಂಬರು ಕೊಟ್ಟರೆ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಈ ಕಾರಿಗೆ ಆ ಕೆಲಸ ಅನ್ವಯಿಸುತ್ತದೆಯೇ, ಆಗಿದೆಯೇ ಎಂದು ಹೇಳುತ್ತಾರೆ. ಬ್ಯಾಟರಿಯ ಆರೋಗ್ಯದ ವರದಿಯನ್ನೂ ಅಲ್ಲಿಂದಲೇ ಬರೆಸಿಕೊಳ್ಳಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೀವಿ, ಸುಳಿ ನೋಡುತ್ತೀವಿ, ನೊಗ ಕಟ್ಟಿ ನಡೆಸುತ್ತೀವಿ. ಇಲ್ಲಿ ತೊಂಬತ್ತು ಲಕ್ಷ.

ಪೆನುಕೊಂಡದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಕಿಯಾ ಕಾರ್ಖಾನೆ ಇದೆ, 2019ರಿಂದ ಕಾರು ತಯಾರಾಗುತ್ತಿದೆ. 2025ರ ಜುಲೈಯಲ್ಲಿ ಅಲ್ಲಿಂದ ಹೊರಬಂದ ಕ್ಯಾರೆನ್ಸ್ ಕ್ಲಾವಿಸ್ ಎಲೆಕ್ಟ್ರಿಕ್ ಕಾರಿನ ಆರಂಭದ ಬೆಲೆ 18 ಲಕ್ಷಕ್ಕೆ ಸಾವಿರ ಕಡಿಮೆ. ಮೂರು ಸಾಲು ಸೀಟು, ದೊಡ್ಡ ಬ್ಯಾಟರಿ 51.4 ಯೂನಿಟ್ಟಿನದು. ಎರಡಕ್ಕೂ ಹೋಲಿಕೆ ಮಾಡುವುದು ಸರಿಯಲ್ಲ, ಗೊತ್ತು. ಒಂದು ರೇಸಿನ ಕುದುರೆ, ಇನ್ನೊಂದು ಮನೆಯ ಹಸು. ಆದರೂ 60 ಕಿಲೋವ್ಯಾಟಿನ ಚಾರ್ಜರಿನ ಮುಂದೆ ಎರಡಕ್ಕೂ ಒಂದೇ ಸಾಲು, ಒಂದೇ ವೇಗ. ನಮ್ಮೂರಿನ ಹಂಪಿನ ಮೇಲಂತೂ ಹಸುವೇ ಮುಂದೆ.

ಹಾಗಾದರೆ ಯಾರು ಕೊಳ್ಳಬಹುದು? ಬೆಂಗಳೂರಿನಲ್ಲಿ ಸ್ವಂತ ಮನೆ, ತ್ರೀ ಫೇಸ್ ಮೀಟರು, ಮನೆಯಲ್ಲಿ ಇನ್ನೊಂದು ಎತ್ತರದ ಕಾರು, ಕೈಯಲ್ಲಿ ಮಿಗುವ ಹಣ, ಹೆದ್ದಾರಿಯಲ್ಲೇ ಹೆಚ್ಚು ಓಡಾಟ ಇರುವವರು ಧೈರ್ಯವಾಗಿ ನೋಡಬಹುದು. ಹೊಸ ಬೆಲೆಗಲ್ಲ, ಅರ್ಧ ಬೆಲೆಗೆ, ಕಾಗದ ಸರಿಯಿದ್ದರೆ. ಇದ್ದ ಒಂದೇ ಕಾರನ್ನು ಕೊಟ್ಟು ಇದನ್ನು ತರುವವರಿಗೆ ನಾನು ಬೇಡ ಅಂತೀನಿ. ಜಮೀನು ಕೊಟ್ಟು ತರುವವರಿಗೆ ಎರಡು ಸಲ ಬೇಡ ಅಂತೀನಿ. ಕೆರೆ ಕೆಳಗಿನ ಆ ಎರಡೆಕರೆಗೆ ಕಾರ್ಖಾನೆ ಬಂದಾಗಿನಿಂದ ಕೇಳುವವರು ಹೆಚ್ಚಾಗಿದ್ದಾರೆಯೇ ಹೊರತು ಕಡಿಮೆ ಆಗಿಲ್ಲ. ಕಾರಿಗೆ ಹಾಗಲ್ಲ, ಮೊದಲನೇ ಮಾಲೀಕರಿಗೆ ನಾಲ್ಕು ವರ್ಷಕ್ಕೆ ಅರ್ಧ ಹೋಗಿದೆ.

ಇದನ್ನೆಲ್ಲ ಅಳಿಯನಿಗೆ ಜಗಲಿ ಮೇಲೆ ಕೂತು ಹೇಳಿದೆ. ಕೇಳಿಸಿಕೊಂಡ. ‘ಆ ಮೊದಲನೇ ತುಳಿತ ಇತ್ತಲ್ಲ ಮಾವ, ಅದಕ್ಕೇನಂತೀಯ?’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದು ಚೆನ್ನಾಗಿಯೇ ಇತ್ತು. ಸದ್ಯಕ್ಕೆ ಬ್ಯಾಟರಿಯ ವರದಿ ಕೈಗೆ ಬರಲಿ ಎಂದು ಕಾಯುತ್ತಿದ್ದಾನೆ. ಜಮೀನಿನ ದಲ್ಲಾಳಿಗೆ ಮುಂದಿನ ತಿಂಗಳು ಬಾ ಅಂದಿದ್ದಾನಂತೆ. ಅಕ್ಕ ಇನ್ನೂ ಸೈನ್ ಹಾಕಿಲ್ಲ.